ನೀವು ಯಾರ ಕಡೆ, ಮಿಸ್ಟರ್?

ಶನಿವಾರ ಬೆಳಿಗ್ಗೆ ಅಂದ್ರೆ ನಮ್ಮಂಥವರಿಗೆ ಏನು ಹೇಳಿ? ಎಂಟು ಗಂಟೆಗೆ ಏಳೋದು, ಎರಡನೇ ಲೋಟ ಕಾಫಿ ಕುಡೀತಾ ಲಾಂಡ್ರಿ ಹಾಕೋದು, ಮಕ್ಕಳನ್ನ ಸಂಗೀತದ ಕ್ಲಾಸಿಗೆ ಬಿಡೋದು, ಆಮೇಲೆ ಡೆವಾನ್ ಅವೆನ್ಯೂ ಕಡೆ ಕಾರು ತಿರುಗಿಸಿ ಸೋನಾ ಮಸೂರಿ, ತೆಂಗಿನಕಾಯಿ, ಕರಿಬೇವು ತರೋದು. ಚಿಕಾಗೋ ಪಕ್ಕದ ಈ ಊರಿಗೆ ಬಂದ ಮೇಲೆ ನನ್ನ ಎಷ್ಟೋ ವರ್ಷಗಳ ಶನಿವಾರಗಳು ಹೀಗೇ ಕರಗಿ ಹೋಗಿವೆ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ. ಆದ್ರೆ ಕೆಲವು ವರ್ಷಗಳ ಹಿಂದೆ, ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬ ಊಟದ ಹೊತ್ತಿನಲ್ಲಿ ಸುಮ್ಮನೆ ಒಂದು ಮಾತು ಕೇಳಿದ. "ಕೋರ್ಟಿಗೆ ಸಿಕ್ಕಿಬಿದ್ದ ಹುಡುಗರ ಜೊತೆ ವಾರಕ್ಕೆ ಎರಡು ಗಂಟೆ ಕೂತ್ಕೊಳ್ಳೋಕೆ ಜನ ಬೇಕು. ನಿನಗೇನೂ ಗೊತ್ತಿರಬೇಕಾಗಿಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದ್ರೆ ಸಾಕು. ಬರ್ತೀಯಾ?"

ಏನೂ ಗೊತ್ತಿರಬೇಕಾಗಿಲ್ಲ ಅಂದ ಮೇಲೆ ನನಗಿಂತ ಲಾಯಕ್ಕಾದವನು ಇನ್ಯಾರು ಅಂದುಕೊಂಡು ಒಪ್ಪಿಕೊಂಡೆ!

ಹತ್ತೂ ಬೆರಳಿನ ಗುರುತು ತಗೊಂಡರು, ನನ್ನ ಪೂರ್ವಾಪರ ಎಲ್ಲ ತಪಾಸಣೆ ಆಯ್ತು, ಎರಡು ಸಂಜೆ ತರಬೇತಿ ಆಯ್ತು. ಆಮೇಲೆ ಒಂದು ದಿನ ಲೈಬ್ರರಿಯ ಪುಟ್ಟ ಕೋಣೆಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬನ ಎದುರು ನನ್ನನ್ನು ಕೂರಿಸಿದರು. ಅವನ ಹೆಸರು ಹೇಳುವ ಹಾಗಿಲ್ಲ. ಏನು ಮಾಡಿದ್ದ ಅನ್ನೋದನ್ನೂ ಹೇಳುವ ಹಾಗಿಲ್ಲ. ನನಗೂ ಪೂರ್ತಿ ಹೇಳಿರಲಿಲ್ಲ, ನಾನೂ ಕೆದಕಲಿಲ್ಲ. ಇಲ್ಲಿ ಅವನನ್ನ 'ತಮ್ಮ' ಅಂತ ಕರೀತೀನಿ, ಅಷ್ಟು ಸಾಕು.

ಮೊದಲ ಮೂರು ವಾರ ತಮ್ಮ ಬಾಯಿ ಬಿಡಲೇ ಇಲ್ಲ. ನಾಲ್ಕನೇ ವಾರ, ಇಲ್ಲಿನ ಡ್ರೈವಿಂಗ್ ಪರ್ಮಿಟ್ ಪರೀಕ್ಷೆಗೆ ಓದಬೇಕಾದ 'ರೂಲ್ಸ್ ಆಫ್ ದಿ ರೋಡ್' ಪುಸ್ತಕ ತಂದು ಮೇಜಿನ ಮೇಲೆ ಕುಕ್ಕಿದ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ, ಊರಲ್ಲಿ ಹತ್ತು ವರ್ಷ ಸ್ಕೂಟರ್ ಓಡಿಸಿದ ಜಂಬದಲ್ಲಿ, ಸ್ಟಾಪ್ ಸೈನಿನ ಹತ್ತಿರ ಗಾಡಿ ಪೂರ್ತಿ ನಿಲ್ಲಿಸದೆ ಉರುಳಿಸಿಕೊಂಡು ಹೋಗಿ ಫೇಲಾದ ಕಥೆ ಹೇಳಿದೆ. ಅವತ್ತು ಮೊದಲ ಸಲ ನಕ್ಕ. ಅಲ್ಲಿಂದ ಮಾತು ಶುರುವಾಯ್ತು. ಅಮ್ಮ ರಾತ್ರಿ ಪಾಳಿ ಕೆಲಸಕ್ಕೆ ಹೋಗೋದು, ಅಕ್ಕ ಬೇರೆ ಮನೆ ಮಾಡಿರೋದು, ಅಕ್ಕನ ಮಗು ಇವನನ್ನ ಕಂಡರೆ ಸಾಕು ಎತ್ತಿಕೋ ಅಂತ ಕೈ ಚಾಚೋದು... ಎಲ್ಲ ಒಂದೊಂದಾಗಿ ಬಂತು.

ಇನ್ನು ನನ್ನ ಘನಕಾರ್ಯ ಕೇಳಿ. ಒಂದು ಸಂಜೆ ಅವನ ಪ್ರೊಬೇಷನ್ ಆಫೀಸರು ಲೈಬ್ರರಿಯಲ್ಲೇ ಸಿಕ್ಕರು. ಸಜ್ಜನರು. ಕೈ ಕುಲುಕಿ "ಹುಡುಗ ಹೇಗಿದ್ದಾನೆ?" ಅಂತ ವಿಚಾರಿಸಿದರು. ಸರ್ಕಾರದ ಒಬ್ಬ ಅಧಿಕಾರಿ ನನ್ನ ಅಭಿಪ್ರಾಯ ಕೇಳ್ತಿದ್ದಾರಲ್ಲ ಅನ್ನೋ ಸಂತೋಷಕ್ಕೋ ಏನೋ, ನಾನು ತಮ್ಮನನ್ನು ಹೊಗಳೋಕೆ ನಿಂತೆ. ಎಂಥಾ ಒಳ್ಳೇ ಮನಸ್ಸು ಗೊತ್ತಾ ಸಾರ್, ಮೊನ್ನೆ ಅಕ್ಕನ ಮಗುವಿನ ಹುಟ್ಟುಹಬ್ಬಕ್ಕೆ ತನ್ನ ದುಡ್ಡಲ್ಲೇ ಕೇಕು ತಗೊಂಡು ಹೋಗಿದ್ದನಂತೆ, ಮಗು ಮಲಗೋ ತನಕ ಇದ್ದು ಹನ್ನೊಂದು ಗಂಟೆಗೆ ಮನೆಗೆ ಬಂದನಂತೆ ಅಂದೆ.

ನಾನು ಕೇಕಿನ ವಿಷಯ ಹೇಳಿದೆ. ಅವರಿಗೆ ಕೇಳಿಸಿದ್ದು ಹನ್ನೊಂದು ಗಂಟೆ.

ಕೋರ್ಟಿನ ಆದೇಶದ ಪ್ರಕಾರ ತಮ್ಮ ಎಂಟು ಗಂಟೆಯೊಳಗೆ ಮನೆಯಲ್ಲಿರಬೇಕಿತ್ತು. ಮುಂದಿನ ಶನಿವಾರ ಬಂದಾಗ ಅವನ ಕಾಲಿಗೆ ಕಪ್ಪು ಪಟ್ಟಿ ಬಿದ್ದಿತ್ತು. ಎಲ್ಲಿ ಹೋದರೂ ಸುದ್ದಿ ಮುಟ್ಟಿಸುವ ಎಲೆಕ್ಟ್ರಾನಿಕ್ ಪಟ್ಟಿ. ಮೂರು ವಾರ. ಅವನು ಕೂಗಾಡಲಿಲ್ಲ. ಪುಸ್ತಕವನ್ನೂ ತಂದಿರಲಿಲ್ಲ. ನನ್ನನ್ನೇ ನೋಡ್ತಾ ಕೇಳಿದ: "ನೀವು ಯಾರ ಕಡೆ, ಮಿಸ್ಟರ್?"

ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ ಅಂತ ಗೊತ್ತು. ಆದ್ರೆ ಅದುವರೆಗೂ ನನ್ನ ಕಿವಿಗೆ ಏಕವಚನವಾಗಿ ಕೇಳಿಸ್ತಿದ್ದ ಅವನ ಮಾತು ಅವತ್ತು ಬಹುವಚನವಾಗಿ ಕೇಳಿಸಿತು. ಗೌರವದ ಬಹುವಚನ ಅಲ್ಲ. 'ನೀವುಗಳೆಲ್ಲ' ಅನ್ನೋ ಬಹುವಚನ.

"ನಾನು ಯಾರ ಕಡೆಯೂ ಅಲ್ಲಪ್ಪ, ನನಗೆ ಯಾರೂ ಸಂಬಳ ಕೊಡಲ್ಲ" ಅಂದೆ.

"ಮತ್ತೆ ಯಾಕೆ ಹೇಳಿದ್ರಿ?"

ಉತ್ತರ ಇರಲಿಲ್ಲ. ಮನೆಗೆ ಬಂದು ರಾತ್ರಿಯೆಲ್ಲ ಅದೇ ಯೋಚನೆ. ನನ್ನ ಹೆಂಡತಿ "ನೀವೇನು ಬೇಕು ಅಂತ ಮಾಡಿದ್ದಾ?" ಅಂತ ಸಮಾಧಾನ ಹೇಳಿದಳು. ಬೇಕು ಅಂತ ಮಾಡಿದ್ದಲ್ಲ, ನಿಜ. ಆದ್ರೆ ಪಟ್ಟಿ ಬಿದ್ದಿದ್ದು ಅವನ ಕಾಲಿಗೆ. ಹಾಗಾದ್ರೆ ಈ ಜಾಗ, ಅಂದ್ರೆ ಕೋರ್ಟಿಗೂ ಹುಡುಗನಿಗೂ ನಡುವೆ ಸಂಬಳವಿಲ್ಲದೆ ಕೂರುವವನ ಜಾಗ, ಎಲ್ಲಿಂದ ಬಂತು? ನನಗಿಂತ ಮುಂಚೆ ಅಲ್ಲಿ ಯಾರು ಕೂತಿದ್ದರು? ಇದೇ ಗುಂಗಿನಲ್ಲಿ ಓದೋಕೆ ಶುರು ಮಾಡಿದೆ. ಓದಿದ್ದನ್ನ ನಿಮಗೂ ಹೇಳಬೇಕು ಅನ್ನಿಸ್ತು.

*

ಕಥೆ ಶುರುವಾಗೋದು ಬಾಸ್ಟನ್ನಿನ ಒಬ್ಬ ಬೂಟು ಹೊಲಿಯುವವನಿಂದ. ಹೆಸರು ಜಾನ್ ಅಗಸ್ಟಸ್. ಅವನ ಅಂಗಡಿ ಕೋರ್ಟಿನ ಹತ್ತಿರದಲ್ಲೇ ಇತ್ತು. 1841ರ ಆಗಸ್ಟಿನಲ್ಲಿ ಒಂದು ದಿನ ಅವನು ಪೊಲೀಸ್ ಕೋರ್ಟಿನಲ್ಲಿ ಕೂತಿದ್ದಾಗ, ಹರಕು ಬಟ್ಟೆಯ ಕುಡುಕನೊಬ್ಬನನ್ನು ಹಿಡಿದು ತಂದರು. ಇನ್ನೇನು ಜೈಲಿಗೆ ಕಳಿಸಬೇಕು, ಅಷ್ಟರಲ್ಲಿ ಅಗಸ್ಟಸ್ ಎದ್ದು "ಇವನಿಗೆ ನಾನು ಜಾಮೀನು" ಅಂದ. ಜಡ್ಜು ಮೂರು ವಾರ ಬಿಟ್ಟು ಕರೆದುಕೊಂಡು ಬಾ ಅಂದರು. ಮೂರು ವಾರದ ನಂತರ ಬಂದ ಮನುಷ್ಯನ ಗುರುತೇ ಸಿಗದ ಹಾಗೆ ಬದಲಾಗಿದ್ದ. ಜೈಲಿಲ್ಲ. ದಂಡ ಒಂದು ಸೆಂಟು! ಕೋರ್ಟಿನ ಖರ್ಚು ಸೇರಿ ಒಟ್ಟು 3 ಡಾಲರ್ 76 ಸೆಂಟು.

ಅಗಸ್ಟಸ್ ಅಲ್ಲಿಗೇ ನಿಲ್ಲಲಿಲ್ಲ. ಗಂಡಸರಾಯ್ತು, ಹೆಂಗಸರಾಯ್ತು, ಆಮೇಲೆ ಮಕ್ಕಳು. 1847ರಲ್ಲಿ ಏಳರಿಂದ ಹದಿನೈದು ವರ್ಷದೊಳಗಿನ 19 ಹುಡುಗರಿಗೆ ಜಾಮೀನು ನಿಂತ. ಶಿಕ್ಷೆ ಹೇಳುವ ದಿನವನ್ನು ತಿಂಗಳಿಂದ ತಿಂಗಳಿಗೆ ಮುಂದೂಡುತ್ತಾ ಹೋಗುವುದು, ಅಷ್ಟರಲ್ಲಿ ಹುಡುಗ ಹೇಗೆ ನಡೆದುಕೊಳ್ಳುತ್ತಾನೆ ಅಂತ ನೋಡುವುದು, ಅವನನ್ನು ಶಾಲೆಗೋ ಕೆಲಸಕ್ಕೋ ಸೇರಿಸುವುದು, ಇದು ಅವನು ಕಂಡುಕೊಂಡ ದಾರಿ. ಈ ಕಾಯುವ ಅವಧಿಗೇ 'ಪ್ರೊಬೇಷನ್' ಅನ್ನೋ ಹೆಸರು ಅಂಟಿಕೊಂಡಿತು. ಪರೀಕ್ಷೆಯ ಕಾಲ ಅಂತ ಅರ್ಥ. ನಮ್ಮ ಕಡೆ ಸರ್ಕಾರಿ ಕನ್ನಡದಲ್ಲಿ ಪ್ರೊಬೇಷನ್ ಆಫೀಸರಿಗೆ 'ಪರಿವೀಕ್ಷಣಾಧಿಕಾರಿ' ಅಂತಾರಲ್ಲ, ಆ ಹುದ್ದೆಯ ಮೂಲಪುರುಷ ಒಬ್ಬ ಬೂಟು ಹೊಲಿಯುವವನು. ಸಂಬಳ ಇಲ್ಲ, ಹುದ್ದೆಯೂ ಇಲ್ಲ. ಜೈಲಿಗೆ ಕಳಿಸಿದ ಪ್ರತಿಯೊಬ್ಬ ಕೈದಿಯ ಮೇಲೂ ಕೋರ್ಟಿನ ಸಿಬ್ಬಂದಿಗೆ ಶುಲ್ಕ ಸಿಗುತ್ತಿದ್ದ ಕಾಲ ಅದು. ಹಾಗಾಗಿ ಇವನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. 1859ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನು ಜಾಮೀನು ನಿಂತವರ ಸಂಖ್ಯೆ ಸುಮಾರು ಎರಡು ಸಾವಿರ. ಅವನು ಹೋದ ಮೇಲೆ, 1878ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯ ಕಾಯ್ದೆ ಮಾಡಿ ಬಾಸ್ಟನ್ನಿಗೆ ಸಂಬಳದ ಪ್ರೊಬೇಷನ್ ಆಫೀಸರನ್ನು ನೇಮಿಸಲು ಅವಕಾಶ ಮಾಡಿಕೊಟ್ಟಿತು.

ಇಲ್ಲಿ ಒಂದು ವಿಷಯ ಗಮನಿಸಿ. ಅಗಸ್ಟಸ್ ಕೋರ್ಟಿನ ನೌಕರನಾಗಿರಲಿಲ್ಲ. ಹುಡುಗ ಓಡಿಹೋದರೆ ಜಾಮೀನಿನ ದುಡ್ಡು ಹೋಗುತ್ತಿದ್ದದ್ದು ಇವನದು. ತನ್ನ ಗಂಟನ್ನೇ ಪಣಕ್ಕಿಟ್ಟು ಹುಡುಗನ ಪಕ್ಕ ನಿಂತವನು ಅವನು.

*

ಇನ್ನು ನಮ್ಮ ಚಿಕಾಗೋಗೆ ಬರೋಣ. ಭಾರತೀಯರಿಗೆ ಚಿಕಾಗೋ ಅಂದ ಕೂಡಲೇ ನೆನಪಾಗೋದು 1893, ವಿವೇಕಾನಂದರ ಭಾಷಣ. ಊರಿಂದ ಬಂದವರನ್ನೆಲ್ಲ ನಾವು ಆ ಕಟ್ಟಡ ತೋರಿಸೋಕೆ ಕರ್ಕೊಂಡು ಹೋಗ್ತೀವಿ. ಅದೇ 1893ರಲ್ಲಿ, ಅದೇ ಊರಿನಲ್ಲಿ ಜೂಲಿಯಾ ಲ್ಯಾಥ್ರಾಪ್ ಎಂಬ ಹೆಣ್ಣುಮಗಳನ್ನು ಇಲಿನಾಯ್ ರಾಜ್ಯದ ಧರ್ಮಾರ್ಥ ಸಂಸ್ಥೆಗಳ ಮಂಡಳಿಗೆ ನೇಮಿಸಿದರು. ಆಕೆ ಕುರ್ಚಿಯಲ್ಲಿ ಕೂರುವವಳಲ್ಲ. ರಾಜ್ಯದ 102 ಕೌಂಟಿಗಳ ಅನಾಥಾಲಯ, ಬಡವರ ವಸತಿಗಳನ್ನೆಲ್ಲ ಖುದ್ದಾಗಿ ಸುತ್ತಿ ನೋಡಿದಳು. ಜೈಲುಗಳನ್ನೂ ನೋಡಿದಳು. ಅಲ್ಲಿ ಕಂಡದ್ದು ದೊಡ್ಡ ಕಳ್ಳರ ಜೊತೆ, ಕುಡುಕರ ಜೊತೆ ಒಂದೇ ಕಡೆ ಕೂಡಿಹಾಕಿದ ಮಕ್ಕಳನ್ನು.

ಲ್ಯಾಥ್ರಾಪ್ ಇದ್ದದ್ದು ಹಲ್ ಹೌಸ್‌ನಲ್ಲಿ. ಹಾಲ್‌ಸ್ಟೆಡ್ ಬೀದಿಯಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಶುರು ಮಾಡಿದ ಮನೆ ಅದು. ಜೇನ್ ಆಡಮ್ಸ್‌ಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಓದಿದ ಹೆಂಗಸರು ಬಡ ವಲಸೆಗಾರರ ಕೇರಿಯ ನಡುವೆಯೇ ಬಂದು ವಾಸ ಮಾಡಿ, ಸುತ್ತಲಿನವರ ಕಷ್ಟಸುಖಕ್ಕೆ ಆಗುವುದು ಅಲ್ಲಿನ ಪದ್ಧತಿ. ಇಟಲಿಯವರು, ಪೋಲೆಂಡಿನವರು, ರಷ್ಯಾದ ಯಹೂದಿಗಳು, ಗ್ರೀಕರು, ಎಲ್ಲರೂ ನಮ್ಮ ಹಾಗೆ ಹೊಟ್ಟೆಪಾಡಿಗೆ ಬಂದವರು. ಅವರ ಮಕ್ಕಳು ಯಾವ ಅಪರಾಧಕ್ಕೆ ಸಿಕ್ಕಿಬೀಳುತ್ತಿದ್ದರು ಗೊತ್ತಾ? ರೈಲು ಹಳಿಗಳ ಹತ್ತಿರ ಗೂಡ್ಸ್ ಡಬ್ಬಿಗಳಿಂದ ಕಲ್ಲಿದ್ದಲು ತೆಗೆದು ಮನೆಯ ಒಲೆಗೆ ತಂದದ್ದಕ್ಕೆ.

ಇದನ್ನು ಓದುವಾಗ ನನಗೆ ನಮ್ಮೂರಿನ ರೈಲ್ವೆ ಜಂಕ್ಷನ್ ಕಣ್ಣಮುಂದೆ ಬಂತು. ಕಲ್ಲಿದ್ದಲ ಎಂಜಿನ್ನುಗಳು ಇನ್ನೂ ಓಡುತ್ತಿದ್ದ ಕಾಲ. ಹಳಿಗಳ ನಡುವೆ ಬಿದ್ದ ಅರೆ ಬೆಂದ ಇದ್ದಿಲು ಆರಿಸುವ ಹುಡುಗರು ಇರುತ್ತಿದ್ದರು. ಅವರಲ್ಲೊಬ್ಬ ನನ್ನ ವಯಸ್ಸಿನವನೇ, ಪ್ಲಾಟ್‌ಫಾರಂ ಮೇಲೆ ಗೋಲಿ ಆಡೋಕೆ ಸಿಗುತ್ತಿದ್ದ. ಒಂದು ದಿನದಿಂದ ಕಾಣಿಸಲಿಲ್ಲ. ಅಪ್ಪನನ್ನು ಕೇಳಿದರೆ "ರಿಮ್ಯಾಂಡ್ ಹೋಮಿಗೆ ಹಾಕಿದ್ದಾರಂತೆ" ಅಂದರು, ಅಷ್ಟೇ. ಎಲ್ಲಿದೆ, ಯಾಕೆ, ಯಾವಾಗ ಬರ್ತಾನೆ, ಯಾರೂ ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಆ ಹೆಸರು ಬರುತ್ತಿದ್ದದ್ದು ಹೆದರಿಸೋಕೆ ಮಾತ್ರ: "ಓದಲ್ವಾ? ರಿಮ್ಯಾಂಡ್ ಹೋಮಿಗೆ ಸೇರಿಸಿಬಿಡ್ತೀನಿ ನೋಡು!" ಗೋಲಿ ಆಡಿದ ಸ್ನೇಹಿತನೊಬ್ಬ ಆ ಬೈಗುಳದೊಳಗೆ ಹೋಗಿ ಸೇರಿಕೊಂಡಿದ್ದ.

ಇರಲಿ, ಹಲ್ ಹೌಸ್‌ಗೆ ವಾಪಸ್ ಬರ್ತೀನಿ. ಲ್ಯಾಥ್ರಾಪ್, ಲೂಸಿ ಫ್ಲವರ್, ಚಿಕಾಗೋ ವುಮನ್ಸ್ ಕ್ಲಬ್ಬಿನ ಹೆಂಗಸರು, ಊರಿನ ವಕೀಲರು ಎಲ್ಲ ಸೇರಿ ಹಟ ಹಿಡಿದು ಒಂದು ಕಾಯ್ದೆ ಮಾಡಿಸಿದರು. ಹದಿನಾರು ವರ್ಷದೊಳಗಿನವರಿಗೆ ಬೇರೆಯದೇ ಕೋರ್ಟು. 1899ರ ಜುಲೈ 1ರಂದು ಕಾಯ್ದೆ ಜಾರಿಗೆ ಬಂತು. ಜುಲೈ 3ರಂದು ಜಡ್ಜ್ ರಿಚರ್ಡ್ ಟುಟ್‌ಹಿಲ್ ಅವರ ಎದುರು ಮೊದಲ ಕಲಾಪ ನಡೆಯಿತು. ಜಗತ್ತಿನ ಮೊಟ್ಟಮೊದಲ ಬಾಲ ನ್ಯಾಯಾಲಯ ಅಂತ ಇದನ್ನೇ ಕರೆಯುತ್ತಾರೆ. ಮೊದಲ ದಿನ ಬಂದವನು ಹೆನ್ರಿ ಕ್ಯಾಂಪ್‌ಬೆಲ್, ಹನ್ನೊಂದು ವರ್ಷದ ಹುಡುಗ, ಕಳ್ಳತನದ ಆರೋಪ. ಹೆತ್ತವರಿಗೆ ಅವನನ್ನು ಸಂಸ್ಥೆಗೆ ಸೇರಿಸಲು ಇಷ್ಟವಿರಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿದ್ದ ಅಜ್ಜಿಯ ಮನೆಗೆ ಕಳಿಸಿ ಅಂದರು. ಜಡ್ಜು ಹಾಗೇ ಮಾಡಿದರು. ಹೊಸ ಕೋರ್ಟಿನ ಮೊದಲ ತೀರ್ಪು ಜೈಲಲ್ಲ, ಅಜ್ಜಿ ಮನೆ!

ಆದ್ರೆ ಕಾಯ್ದೆಯಲ್ಲಿ ಒಂದು ವಿಚಿತ್ರ ಇತ್ತು. ಕೋರ್ಟು ಪ್ರೊಬೇಷನ್ ಆಫೀಸರುಗಳನ್ನು ನೇಮಿಸಬಹುದು, ಆದರೆ ಸರ್ಕಾರದ ಖಜಾನೆಯಿಂದ ಅವರಿಗೆ ಒಂದು ಕಾಸೂ ಕೊಡಕೂಡದು! ಸಂಬಳ ಇಟ್ಟರೆ ರಾಜಕಾರಣಿಗಳು ತಮ್ಮ ಚೇಲಾಗಳನ್ನು ತುಂಬಿಬಿಡುತ್ತಾರೆ ಅನ್ನುವ ಭಯ. (ಚಿಕಾಗೋ ರಾಜಕೀಯ ಬಲ್ಲವರು ಇದಕ್ಕೆ ನಗಬಹುದು.) ಹೀಗಾಗಿ ಇಡೀ ವ್ಯವಸ್ಥೆ ನಿಂತದ್ದು ಸ್ವಯಂಸೇವಕರ ಮೇಲೆ, ಚಂದಾ ಹಣದ ಮೇಲೆ. ಕ್ಲಬ್ಬಿನ ಹೆಂಗಸರು ಸಮಿತಿ ಮಾಡಿಕೊಂಡು ದುಡ್ಡು ಎತ್ತಿ ಆಫೀಸರುಗಳಿಗೆ ಸಂಬಳ ಕೊಟ್ಟರು. ವಿಚಾರಣೆ ಮುಗಿಯುವ ತನಕ ಮಕ್ಕಳನ್ನು ಇಡಲು ಜೈಲಿನ ಬದಲು ಬೇರೆ ಮನೆಯನ್ನೂ ನಡೆಸಿದರು.

ಅಲ್ಲಿನ ಮೊದಲ ಪ್ರೊಬೇಷನ್ ಆಫೀಸರು ಆಲ್ಜೈನಾ ಸ್ಟೀವನ್ಸ್, ಹಲ್ ಹೌಸ್‌ನವಳೇ. ಆಕೆಯ ಬಗ್ಗೆ ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಹದಿಮೂರನೇ ವಯಸ್ಸಿಗೇ ಹತ್ತಿ ಗಿರಣಿಗೆ ಕೆಲಸಕ್ಕೆ ಹೋದವಳು. ಯಂತ್ರಕ್ಕೆ ಸಿಕ್ಕಿ ಬಲಗೈಯ ತೋರುಬೆರಳು ಕಳೆದುಕೊಂಡವಳು. ಬೆಳೆದು ಕಾರ್ಮಿಕ ಸಂಘ ಕಟ್ಟಿದಳು, ಕಾರ್ಖಾನೆ ತನಿಖಾಧಿಕಾರಿಯಾದಳು, ಕೊನೆಗೆ ಈ ಮಕ್ಕಳ ಜೊತೆ ಬಂದು ನಿಂತಳು. ಮಕ್ಕಳನ್ನು ಬೆರಳು ತೋರಿಸಿ ಬೈಯಲು ಆಕೆಗೆ ಬೆರಳೇ ಇರಲಿಲ್ಲ ಅಂತ ನನ್ನ ಮನಸ್ಸಿಗೆ ಬಂತು. ಕೋರ್ಟು ಶುರುವಾದ ಮರುವರ್ಷವೇ, 1900ರಲ್ಲಿ, ಆಕೆ ತೀರಿಕೊಂಡಳು.

1905ರಲ್ಲಿ ಕಾಯ್ದೆ ತಿದ್ದಿದರು. ಕೌಂಟಿಯೇ ಸಂಬಳ ಕೊಡೋಕೆ ಶುರು ಮಾಡಿತು. ಒಳ್ಳೆಯದೇ ಆಯ್ತು ಅನ್ನಿ, ಚಂದಾ ಎತ್ತಿ ಎಷ್ಟು ದಿನ ಕೋರ್ಟು ನಡೆಸೋಕಾಗತ್ತೆ? ಆದ್ರೆ ಆಗಲೇ ಒಂದು ಬದಲಾವಣೆ ಆಗಿಹೋಗಿತ್ತು. ಅಗಸ್ಟಸ್ ಹುಡುಗನ ಪರವಾಗಿ ಜಡ್ಜಿನ ಮುಂದೆ ನಿಲ್ಲುತ್ತಿದ್ದ. ಈಗಿನವರು ಜಡ್ಜಿನ ಪರವಾಗಿ ಹುಡುಗನ ಮನೆಗೆ ಹೋಗಿ ನಿಲ್ಲುತ್ತಿದ್ದರು. ಕೈಯಲ್ಲಿ ನೋಟ್‌ಬುಕ್ಕು. ಮನೆ ಗಲೀಜಾಗಿದೆಯಾ, ಅಪ್ಪ ಕುಡೀತಾನಾ, ಅಮ್ಮ ಎಷ್ಟು ಹೊತ್ತು ಹೊರಗಿರ್ತಾಳೆ... ಎಲ್ಲ ಬರೆದುಕೊಂಡು ಬಂದು ವರದಿ. ಪ್ರೀತಿಯಿಂದಲೇ ಬರೆಯುತ್ತಿದ್ದರು, ಅದರಲ್ಲಿ ಅನುಮಾನ ಇಲ್ಲ. ನಾನು ಕೇಕಿನ ಕಥೆ ಹೇಳಿದ್ದೂ ಪ್ರೀತಿಯಿಂದಲೇ ಅಲ್ವಾ?

*

ನ್ಯೂಯಾರ್ಕಿನಲ್ಲಿ ಇನ್ನೊಂದು ಟಿಸಿಲು ಒಡೆಯಿತು. ಅಲ್ಲಿನ ಮಕ್ಕಳ ಕೋರ್ಟಿನಲ್ಲಿ ಅರ್ನೆಸ್ಟ್ ಕೂಲ್ಟರ್ ಅಂತ ಒಬ್ಬ ಗುಮಾಸ್ತ. ದಿನವೂ ಸಾಲುಗಟ್ಟಿ ಬರುವ ಹುಡುಗರನ್ನು ನೋಡಿ ನೋಡಿ ಅವನಿಗೆ ಒಂದು ವಿಷಯ ಹೊಳೆಯಿತು. ಇವರಿಗೆ ಬೇಕಾಗಿರೋದು ಇನ್ನೊಬ್ಬ ಅಧಿಕಾರಿ ಅಲ್ಲ, ಒಬ್ಬ ಅಣ್ಣ. 1904ರ ಡಿಸೆಂಬರಿನಲ್ಲಿ ಒಂದು ಚರ್ಚಿನ ಗಂಡಸರ ಕೂಟದಲ್ಲಿ ಹೋಗಿ ಅದನ್ನೇ ಹೇಳಿದ. ಅಲ್ಲಿದ್ದ ಸುಮಾರು ನಲವತ್ತು ಮಂದಿ ತಲಾ ಒಬ್ಬೊಬ್ಬ ಹುಡುಗನಿಗೆ ಸ್ನೇಹಿತರಾಗಲು ಒಪ್ಪಿದರು. 'ಬಿಗ್ ಬ್ರದರ್ಸ್' ಚಳವಳಿ ಹುಟ್ಟಿದ್ದು ಹಾಗೆ. ವರದಿ ಬರೆಯೋದು ಅಣ್ಣನ ಕೆಲಸ ಅಲ್ಲ. ಸರ್ಕಸ್ಸಿಗೆ ಕರ್ಕೊಂಡು ಹೋಗೋದು, ಕೆಲಸ ಹುಡುಕಿಕೊಡೋದು, ಮಾತಾಡೋದು, ಇಷ್ಟೇ. ಅವನು ಬಂದರೆ ಹುಡುಗನಿಗೆ ಎದೆ ಢವಢವ ಅನ್ನಬೇಕಾಗಿಲ್ಲ.

ಅಂದ್ರೆ ಅಗಸ್ಟಸ್ ಒಬ್ಬನೇ ಮಾಡುತ್ತಿದ್ದ ಎರಡು ಕೆಲಸ ಇಲ್ಲಿಗೆ ಬೇರೆ ಬೇರೆ ಕೈ ಸೇರಿದವು. ಕಾಯುವವನು ಒಬ್ಬ, ಜೊತೆಗಿರುವವನು ಇನ್ನೊಬ್ಬ. ಇಬ್ಬರೂ ಬೇಕು. ಆದ್ರೆ ಒಬ್ಬ ಇನ್ನೊಬ್ಬನ ಟೋಪಿ ಹಾಕಿಕೊಂಡರೆ ಏನಾಗತ್ತೆ ಅನ್ನೋದಕ್ಕೆ ಅರಿಜೋನಾದ ಒಂದು ಕಥೆ ಇದೆ.

1964ರ ಜೂನ್ 8. ಗ್ಲೋಬ್ ಅನ್ನೋ ಗಣಿ ಊರು. ಹದಿನೈದು ವರ್ಷದ ಜೆರಾಲ್ಡ್ ಗಾಲ್ಟ್ ಮತ್ತು ಅವನ ಸ್ನೇಹಿತ ನೆರೆಯ ಹೆಂಗಸಿಗೆ ಫೋನ್ ಮಾಡಿ ಅಸಭ್ಯವಾಗಿ ಮಾತಾಡಿದರು ಅಂತ ದೂರು. ಜೆರಾಲ್ಡ್ ಅದಾಗಲೇ ಒಂದು ಹಳೇ ವಿಷಯಕ್ಕೆ ಪ್ರೊಬೇಷನ್ನಿನಲ್ಲಿದ್ದ. ಅವನನ್ನು ಹಿಡಿದುಕೊಂಡು ಹೋದರು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು. ಅವರಿಗೆ ಒಂದು ಚೀಟಿಯನ್ನೂ ಬಿಡಲಿಲ್ಲ. ವಿಚಾರಣೆಯಲ್ಲಿ ವಕೀಲರಿಲ್ಲ, ದೂರು ಕೊಟ್ಟ ಹೆಂಗಸು ಬರಲೇ ಇಲ್ಲ, ಹುಡುಗ ಏನು ಹೇಳಿದ ಅನ್ನೋದನ್ನ ಯಾರೂ ಬರೆದಿಡಲಿಲ್ಲ. ತೀರ್ಪು: ಇಪ್ಪತ್ತೊಂದು ವರ್ಷ ತುಂಬುವ ತನಕ ಸುಧಾರಣಾ ಶಾಲೆ. ಅಂದ್ರೆ ಆರು ವರ್ಷ! ಇದೇ ತಪ್ಪು ದೊಡ್ಡವನೊಬ್ಬ ಮಾಡಿದ್ದರೆ ಐದರಿಂದ ಐವತ್ತು ಡಾಲರ್ ದಂಡ, ಇಲ್ಲವೇ ಹೆಚ್ಚೆಂದರೆ ಎರಡು ತಿಂಗಳು ಜೈಲು.

ಇಷ್ಟೆಲ್ಲ ಹೇಗೆ ಸಾಧ್ಯವಾಯ್ತು? ಚಿಕಾಗೋದ ಆ ಒಳ್ಳೆಯ ಹೆಂಗಸರ ಒಳ್ಳೆಯ ಆಲೋಚನೆಯಿಂದಲೇ. ಕೋರ್ಟು ಅಂದ್ರೆ ತಂದೆ ಇದ್ದ ಹಾಗೆ, ತಂದೆಯ ಎದುರು ಮಗನಿಗೆ ವಕೀಲ ಯಾಕೆ, ಪಾಟೀಸವಾಲು ಯಾಕೆ ಅನ್ನೋದು ಬಾಲ ನ್ಯಾಯಾಲಯದ ತಳಹದಿಯಾಗಿತ್ತು. ಗಾಲ್ಟ್ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. 1967ರ ಮೇ 15ರಂದು ನ್ಯಾಯಮೂರ್ತಿ ಏಬ್ ಫೋರ್ಟಾಸ್ ಬರೆದ ತೀರ್ಪು ಆ ತಳಹದಿಯನ್ನೇ ಅಲ್ಲಾಡಿಸಿತು. ಆರೋಪ ಏನು ಅಂತ ಮೊದಲೇ ತಿಳಿಸಬೇಕು, ವಕೀಲರನ್ನು ಇಟ್ಟುಕೊಳ್ಳೋ ಹಕ್ಕಿದೆ, ಸಾಕ್ಷಿಯನ್ನು ಪ್ರಶ್ನಿಸೋ ಹಕ್ಕಿದೆ, ತನ್ನ ವಿರುದ್ಧ ತಾನೇ ಹೇಳದೆ ಸುಮ್ಮನಿರುವ ಹಕ್ಕಿದೆ. ಹುಡುಗನಾದರೂ ಅಷ್ಟೇ.

ಆ ತೀರ್ಪಿನಲ್ಲಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಒಂದು ಭಾಗ ಇದೆ. ಹುಡುಗನ ಹಿತ ನೋಡಿಕೊಳ್ಳೋಕೆ ಪ್ರೊಬೇಷನ್ ಆಫೀಸರು ಇದ್ದಾರಲ್ಲ, ವಕೀಲ ಯಾಕೆ ಅನ್ನೋ ವಾದವನ್ನು ಕೋರ್ಟು ಒಪ್ಪಲಿಲ್ಲ. ಯಾಕೆ ಅಂದ್ರೆ ಅರಿಜೋನಾದ ವ್ಯವಸ್ಥೆಯಲ್ಲಿ ಬಂಧಿಸುವವರೂ ಅವರೇ, ಅರ್ಜಿ ಹಾಕುವವರೂ ಅವರೇ, ಹುಡುಗನ ವಿರುದ್ಧ ಹೇಳಿಕೆ ಕೊಡುವವರೂ ಅವರೇ. ಗಾಲ್ಟ್‌ನನ್ನು ಇಟ್ಟಿದ್ದ ಮನೆಯ ಮೇಲ್ವಿಚಾರಕರೂ ಅದೇ ಅಧಿಕಾರಿ. ಬಾಸ್ಟನ್ನಿನ ಬೂಟಿನ ಅಂಗಡಿಯಿಂದ ಹೊರಟ ದಾರಿ ನೂರಿಪ್ಪತ್ತಮೂರು ವರ್ಷಗಳಲ್ಲಿ ಎಲ್ಲಿಗೆ ಬಂದು ಮುಟ್ಟಿತು ನೋಡಿ. ಹೆಸರು ಅದೇ, ಪ್ರೊಬೇಷನ್. ಜಾಮೀನು ನಿಲ್ಲುತ್ತಿದ್ದವನ ಜಾಗದಲ್ಲಿ ಹಿಡಿದು ತರುವವನು.

"ನೀವು ಯಾರ ಕಡೆ?" ಅನ್ನೋ ಪ್ರಶ್ನೆ ಹಾಗಾದ್ರೆ ತಮ್ಮನೊಬ್ಬನದಲ್ಲ. ಆ ಪ್ರಶ್ನೆಗೆ ವಯಸ್ಸಾಗಿದೆ.

*

ನಮ್ಮ ದೇಶದ ಮಾತು ಬಿಟ್ಟರೆ ಹೇಗೆ? ಭಾರತದಲ್ಲಿ ದೊಡ್ಡವರ ಜೈಲಿನಲ್ಲಿದ್ದ ಮಕ್ಕಳ ವಿಷಯವನ್ನು ಸುಪ್ರೀಂ ಕೋರ್ಟಿನ ತನಕ ಒಯ್ದವರು ಶೀಲಾ ಬರ್ಸೆ ಎಂಬ ಪತ್ರಕರ್ತೆ. ಯಾರೂ ಆಕೆಯನ್ನು ನೇಮಿಸಿರಲಿಲ್ಲ. ತಾವಾಗಿಯೇ ಜೈಲುಗಳಿಗೆ ಹೋಗಿ ನೋಡಿದವರು, ಲ್ಯಾಥ್ರಾಪ್ ಹಾಗೆಯೇ. 1986ರಲ್ಲಿ ಕೋರ್ಟು ಮಕ್ಕಳನ್ನು ಜೈಲಿನಲ್ಲಿಡುವುದರ ವಿರುದ್ಧ ಆದೇಶಗಳನ್ನು ಕೊಟ್ಟಿತು. ಅದೇ ವರ್ಷ, ಜಮ್ಮು-ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಅನ್ವಯವಾಗುವ ಬಾಲ ನ್ಯಾಯ ಕಾಯ್ದೆಯೂ ಬಂತು. ಅದನ್ನು 2000ದಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಹೊಸದಾಗಿ ಬರೆದರು.

ಈ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶ ಇದೆ. ನಮ್ಮ ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರೊಬ್ಬರೇ ಕೂರೋದಿಲ್ಲ. ಅವರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಅಮೆರಿಕದಲ್ಲಿ ನನ್ನಂಥವನು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರೆ, ಅಲ್ಲಿ ಸಾಮಾನ್ಯ ನಾಗರಿಕರಿಗೆ ನ್ಯಾಯಪೀಠದ ಮೇಲೆಯೇ ಜಾಗ. ದೊಡ್ಡ ಮಾತು ಅದು. ಆದ್ರೆ ಪೀಠ ಹತ್ತಿದವರು ಅಣ್ಣ ಆಗೋಕಾಗಲ್ಲ ಅನ್ನೋದೂ ಅಷ್ಟೇ ನಿಜ. ವೀಕ್ಷಣಾಲಯದ ಒಳಗೆ, ಈಗಲೂ ಜನ ರಿಮ್ಯಾಂಡ್ ಹೋಮು ಅಂತಲೇ ಕರೆಯುವ ಆ ಕಟ್ಟಡದ ಒಳಗೆ, ಗೋಲಿ ಆಡುವ ವಯಸ್ಸಿನವನ ಪಕ್ಕ ಕೂರೋಕೆ ಬೇರೆಯೇ ಒಬ್ಬ ಬೇಕು. ಯಾವ ಫೈಲಿಗೂ ಸಹಿ ಹಾಕದವನು.

ಇದರರ್ಥ ಬಾಯಿಗೆ ಬೀಗ ಹಾಕಿಕೊಂಡಿರಬೇಕು ಅಂತಲ್ಲ. ನಮ್ಮ ತರಬೇತಿಯಲ್ಲೇ ಹೇಳಿದ್ದರು: ಹುಡುಗ ತನಗೆ ಹಾನಿ ಮಾಡಿಕೊಳ್ಳೋ ಮಾತಾಡಿದರೆ, ಇನ್ನೊಬ್ಬರಿಗೆ ಮಾಡೋ ಮಾತಾಡಿದರೆ, ಅವನ ಮೇಲೆ ಯಾರಾದರೂ ದೌರ್ಜನ್ಯ ಮಾಡ್ತಿದ್ದರೆ, ಆ ಮೂರೂ ತಕ್ಷಣ ತಿಳಿಸಲೇಬೇಕು. ಹಾಗಂತ ಹುಡುಗನಿಗೂ ಮೊದಲ ದಿನವೇ ಹೇಳಿಬಿಡಬೇಕು. ನಾನು ಆ ಕಾಗದವನ್ನು ಸಹಿ ಹಾಕಿ ಮರೆತಿದ್ದೆ. ಹುಡುಗನಿಗೆ ಹೇಳಿರಲೇ ಇಲ್ಲ. ಏನು ಹೇಳ್ತೀನಿ, ಏನು ಹೇಳಲ್ಲ ಅನ್ನೋದು ಅವನಿಗೂ ಗೊತ್ತಿರಲಿಲ್ಲ, ನಿಜ ಹೇಳಬೇಕೂಂದ್ರೆ ನನಗೂ ಗೊತ್ತಿರಲಿಲ್ಲ. ಹೊಗಳಿಕೆಯ ಉತ್ಸಾಹದಲ್ಲಿ ಅವನ ಗುಟ್ಟನ್ನು ನನ್ನದು ಅನ್ನೋ ಹಾಗೆ ಹಂಚಿಬಿಟ್ಟೆ.

*

ಮುಂದಿನ ಶನಿವಾರ ಲೈಬ್ರರಿಗೆ ಹೋಗುವಾಗ ಕಾರಿನಲ್ಲಿ ಮಾತುಗಳನ್ನ ನಾಲ್ಕೈದು ಸಲ ಉರು ಹೊಡೆದೆ. ತಮ್ಮ ಬಂದ. ಬರಲೇಬೇಕಿತ್ತು, ಆದೇಶ ಇತ್ತಲ್ಲ. ಕಾಲಿನ ಪಟ್ಟಿ ಪ್ಯಾಂಟಿನ ಕೆಳಗೆ ಉಬ್ಬಿಕೊಂಡು ಕಾಣ್ತಿತ್ತು.

"ತಪ್ಪು ನನ್ನದು" ಅಂದೆ. "ಅದು ನೀನು ನನಗೆ ಹೇಳಿದ್ದು. ಇನ್ನೊಬ್ಬರಿಗೆ ಹೇಳೋಕೆ ನನ್ನದಾಗಿರಲಿಲ್ಲ. ಇನ್ನು ಮೇಲೆ ನಾನು ಹೇಳಲೇಬೇಕಾದದ್ದು ಮೂರೇ ವಿಷಯ." ಮೂರನ್ನೂ ಒಂದು ಕಾಗದದ ಮೇಲೆ ಬರೆದು ಅವನ ಕಡೆ ಸರಿಸಿದೆ. "ಇದು ಬಿಟ್ಟು ನಿನ್ನ ಆಫೀಸರು ಏನಾದರೂ ಕೇಳಿದರೆ, 'ಅವನನ್ನೇ ಕೇಳಿ' ಅಂತೀನಿ. ಅವರಿಗೂ ಹಾಗೇ ಹೇಳಿ ಬಂದಿದ್ದೀನಿ."

ಹೇಳಿ ಬಂದದ್ದು ನಿಜ. ಆ ಪುಣ್ಯಾತ್ಮರು ಬೇಜಾರು ಮಾಡಿಕೊಳ್ಳಲಿಲ್ಲ. "ನೀವು ಹಾಗಿರೋದೇ ಒಳ್ಳೇದು, ಅವನಿಗೆ ನನ್ನಂಥವರು ಬೇಕಾದಷ್ಟು ಜನ ಇದ್ದಾರೆ" ಅಂದರು.

ತಮ್ಮ ಕಾಗದ ಓದಿದ. ಮಡಚಿ ಜೇಬಿಗೆ ಹಾಕಿಕೊಂಡ. ಏನೂ ಅನ್ನಲಿಲ್ಲ. ಸಿನಿಮಾದಲ್ಲಾಗಿದ್ದರೆ ಇಲ್ಲಿ ಸಂಗೀತ ಬರಬೇಕಿತ್ತು, ಅವನು ಬಂದು ತಬ್ಬಿಕೊಳ್ಳಬೇಕಿತ್ತು. ಹಾಗೇನೂ ಆಗಲಿಲ್ಲ. ಆ ದಿನ ಎರಡು ಗಂಟೆ ನಾವಿಬ್ಬರೂ ಸುಮ್ಮನೆ ಕೂತಿದ್ದೆವು. ಅದರ ಮುಂದಿನ ವಾರವೂ ಅಷ್ಟೇ. ಮೂರನೇ ವಾರ ಪಟ್ಟಿ ಬಿಚ್ಚಿದರು. ನಾಲ್ಕನೇ ವಾರ ಅವನು 'ರೂಲ್ಸ್ ಆಫ್ ದಿ ರೋಡ್' ತಂದ. ಆದ್ರೆ ಅಕ್ಕನ ಮಗುವಿನ ವಿಷಯ ಮತ್ತೆ ನನ್ನ ಹತ್ತಿರ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕಳಕೊಂಡದ್ದು ಎಲ್ಲಾ ವಾಪಸ್ ಬರಲ್ಲ.

ಅವನ ಅವಧಿ ಮುಗಿದು ಕೆಲವು ವರ್ಷಗಳಾದವು. ಪರ್ಮಿಟ್ ಪರೀಕ್ಷೆ ಪಾಸಾದ ಅನ್ನೋದಷ್ಟು ಗೊತ್ತು. ಆಮೇಲೆ ಏನಾದ ಅಂತ ಗೊತ್ತಿಲ್ಲ, ಗೊತ್ತಾಗಬಾರದು ಅಂತಲೇ ನಿಯಮ. ನಾನು ಮತ್ತೆ ಇನ್ನಿಬ್ಬರು ಹುಡುಗರ ಜೊತೆ ಕೂತೆ. ಈಗ ಮೊದಲ ದಿನವೇ ಆ ಮೂರು ಸಾಲಿನ ಕಾಗದ ಮೇಜಿನ ಮೇಲೆ ಇಡ್ತೀನಿ.

ಹಲ್ ಹೌಸ್‌ನ ಬಹುಪಾಲು ಕಟ್ಟಡಗಳನ್ನು 1960ರ ದಶಕದಲ್ಲಿ ವಿಶ್ವವಿದ್ಯಾಲಯ ಕಟ್ಟೋಕೆ ಕೆಡವಿಬಿಟ್ಟರು. ಮೂಲ ಮನೆ ಉಳಿದು ಮ್ಯೂಸಿಯಂ ಆಗಿದೆ. ಊರಿಂದ ಬಂದವರಿಗೆ ವಿವೇಕಾನಂದರ ಕಟ್ಟಡ ತೋರಿಸೋಕೆ ಹೋದಾಗ, ಸ್ವಲ್ಪ ದೂರದಲ್ಲೇ ಇರೋ ಈ ಮನೆಯನ್ನೂ ಒಮ್ಮೆ ತೋರಿಸಿ. ಹೋದ ತಿಂಗಳು ನಾನು ನಮ್ಮ ಮಾವನವರನ್ನು ಕರ್ಕೊಂಡು ಹೋಗಿದ್ದೆ. ರಿಟೈರ್ಡ್ ಮೇಷ್ಟ್ರು ಅವರು. ಎಲ್ಲ ನೋಡಿ, ಕೇಳಿ, ಹೊರಗೆ ಬಂದು ಬೆಂಚಿನ ಮೇಲೆ ಕೂತು ಕೇಳಿದರು: "ಅಲ್ಲಪ್ಪಾ, ನಮ್ಮೂರಲ್ಲೂ ಬಾಲಮಂದಿರ ಇದೆ. ನಲವತ್ತು ವರ್ಷ ಅದರ ಮುಂದೆಯೇ ಸೈಕಲ್ ತುಳೀತಾ ಸ್ಕೂಲಿಗೆ ಹೋದೆ. ಒಳಗೆ ಹೋಗಿ ಪಾಠ ಹೇಳ್ಕೊಡ್ತೀನಿ ಅಂದ್ರೆ ಬಿಡ್ತಾರಾ?"

"ಅನುಮತಿ ತಗೋಬೇಕಾಗತ್ತೆ. ಕೇಳಿ ನೋಡಿ ಮಾವ" ಅಂದೆ.

ಊರಿಗೆ ಹೋದ ಮೇಲೆ ಕೇಳಿದ್ದಾರಂತೆ. ಅರ್ಜಿ ಕೊಡಿ ಅಂದಿದ್ದಾರಂತೆ. ಕೊಟ್ಟು ಕಾಯ್ತಾ ಇದ್ದಾರೆ.